ಅತಿಥಿಗೆ ಹೊಟೇಲು ಹುಡುಕಿದ ಗುಗುಲಿ

ಗುಗುಲಿ ರೈಲಿನಿಂದ ಇಳಿದವರ ಮುಖ ನೋಡುವುದೇ ಇಲ್ಲ, ಚಪ್ಪಲಿ ನೋಡುತ್ತಾಳೆ ಎಂದು ನಮ್ಮ ವಠಾರದವರು ಹೇಳುತ್ತಿದ್ದರು. ಇವನು ಗೊರಕೆ ಹೊಡೆಯುವವನೋ, ಇವಳು ಬೆಳಗ್ಗೆ ಬೇಗ ಏಳುವವಳೋ, ಎಲ್ಲ ಅವಳಿಗೆ ಚಪ್ಪಲಿಯೇ ಹೇಳಿಬಿಡುತ್ತದಂತೆ. ಇನ್ನೊಂದು ಮಾತನ್ನು ಮಹಡಿಯ ಲಮಾರಾ ಅವಳ ಎದುರಿಗೇ ಹೇಳುತ್ತಿದ್ದಳು: "ಇಡೀ ಬಟೂಮೀಲಿ ಬೇಸಿಗೆ ಬಂದ್ರೆ ಮನೆ ಇಲ್ಲದ ಮನೆಯೊಡತಿ ಅಂದ್ರೆ ಇವಳೊಬ್ಬಳೇ."

ಅದು ಸುಳ್ಳಲ್ಲ. ಸೋವಿಯತ್ ಕಾಲದಲ್ಲಿ ಜೂನ್ ತಿಂಗಳು ಹುಟ್ಟಿತೆಂದರೆ ನಮ್ಮ ಬಟೂಮಿಯ ಸಮುದ್ರತೀರಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಹೆಂಗಸರು "ಕೋಣೆ ಇದೆ" ಎಂದು ಬರೆದ ರಟ್ಟು ಹಿಡಿದು ಸ್ಟೇಷನ್ನಿನಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಆ ಸಾಲಿನಲ್ಲಿ ಗುಗುಲಿಯೂ ಇರುತ್ತಿದ್ದಳು. ಬಂದರಿನಲ್ಲಿ ಕ್ರೇನು ಓಡಿಸುತ್ತಿದ್ದ ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಎರಡೂ ಕೋಣೆ ಅತಿಥಿಗಳಿಗೆ ಬಿಟ್ಟು ತಾನು ಅಡುಗೆಮನೆಯಲ್ಲಿ ಎರಡು ಕುರ್ಚಿ ಜೋಡಿಸಿ ಮುದುಡಿಕೊಳ್ಳುತ್ತಿದ್ದಳು. ಬಂದವರಿಗೆ ಇದು ತಿಳಿಯಬಾರದು. ಯಾರಾದರೂ "ನೀವೆಲ್ಲಿ ಮಲಗ್ತೀರಿ?" ಎಂದು ಕೇಳಿದರೆ ಮಹಡಿಯತ್ತ ಕೈ ತೋರಿಸಿ "ಮೇಲೆ, ನನ್ನ ತಂಗಿ ಲಮಾರಾ ಮನೇಲಿ" ಎನ್ನುತ್ತಿದ್ದಳು.

"ನಾನ್ಯಾವಾಗ ನಿನ್ನ ತಂಗಿ ಆದೆನೇ?" ಎಂದು ಲಮಾರಾ ಕೇಳುವಳು. "ಒಂದು ದಿನಾನಾದ್ರೂ ಬಂದು ನನ್ನ ಮನೇಲಿ ಮಲಗಿದ್ದೀಯಾ?"

"ನಿನ್ನ ಹಾಸಿಗೆ ಕಲ್ಲು. ಅದಕ್ಕಿಂತ ಕುರ್ಚಿ ವಾಸಿ."

ಹಾಸಿಗೆಯ ವಿಷಯದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪ್ರತಿ ಮೇ ತಿಂಗಳಲ್ಲಿ ಹಾಸಿಗೆಗಳ ಹೊಲಿಗೆ ಬಿಚ್ಚಿ, ಉಣ್ಣೆ ತೊಳೆದು ಅಂಜೂರದ ಮರದ ಕೆಳಗೆ ಹರಡಿ, ಒಣಗಿದ ಮೇಲೆ ಕೋಲಿನಿಂದ ಬಡಿಯುತ್ತಿದ್ದಳು. ಟಪ್, ಟಪ್, ಟಪ್. ನಾನು ಹುಡುಗಿಯಾಗಿದ್ದಾಗ ಆ ಸದ್ದು ಕೇಳಿದರೆ ಶಾಲೆಗೆ ರಜೆ ಹತ್ತಿರ ಬಂತೆಂದು ಕುಣಿಯುತ್ತಿದ್ದೆ. ಮುಂದೆ ದೇಶ ಒಡೆಯಿತು. ದೀಪವಿಲ್ಲ, ರೊಟ್ಟಿಗೆ ಸರದಿ, ರೈಲಿನಲ್ಲಿ ಇಳಿಯುವವರೇ ಇಲ್ಲ. ಆ ಹತ್ತು ವರ್ಷವೂ ಮೇ ತಿಂಗಳಲ್ಲಿ ಗುಗುಲಿ ಉಣ್ಣೆ ಬಡಿದಳು.

"ಯಾರಿಗೋಸ್ಕರನೇ ಈ ಸಂಭ್ರಮ?" ಎಂದಳು ಲಮಾರಾ ಮೇಲಿನಿಂದ.

"ರೈಲು ಬರಲ್ಲ ಅಂತ ಉಣ್ಣೆಗೇನು ಗೊತ್ತು?"

ಆಮೇಲೆ ಜನ ಮತ್ತೆ ಬಂದರು, ಆದರೆ ನಮ್ಮ ವಠಾರಗಳಿಗಲ್ಲ. ಸಮುದ್ರದಂಚಿಗೆ ಗಾಜಿನ ಗೋಪುರಗಳೆದ್ದವು. ಒಂದೊಂದರ ಕಾಲಬುಡದಲ್ಲೂ ಒಂದೊಂದು ಕ್ಯಾಸಿನೊ. ಕೊನೆಗೆ ನಮ್ಮ ವಠಾರವೂ ಅಂಥದೊಂದು ಗೋಪುರಕ್ಕೆ ಹೋಯಿತು. ಎಲ್ಲರಿಗೂ ಊರಾಚೆ ಫ್ಲ್ಯಾಟು ಕೊಟ್ಟರು, ಗುಗುಲಿಗೆ ಒಂಬತ್ತನೇ ಮಹಡಿಯಲ್ಲಿ. ಸೆಪ್ಟೆಂಬರ್ ಇಪ್ಪತ್ತಕ್ಕೆ ಖಾಲಿ ಮಾಡಬೇಕು. ಅದಕ್ಕೂ ಮೊದಲೇ ನಲ್ಲಿಯ ನೀರು ನಿಂತಿತು. ಬೀದಿ ಕೊನೆಯಿಂದ ಹೊತ್ತು ತರುತ್ತಿದ್ದೆವು.

ಅಂಥ ಹೊತ್ತಿನಲ್ಲಿ ಮಿನ್ಸ್ಕಿನಿಂದ ಫೋನು ಬಂತು. ಜೋಯಾ, ಅಲ್ಲಿನ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವಳು. ಗಂಡ ಲ್ಯೋನ್ಯಾನ ಜೊತೆ ಹದಿನೇಳು ಬೇಸಿಗೆ ಗುಗುಲಿಯ ಮನೆಗೆ ಬಂದವಳು. ನಾನು ಪಕ್ಕದಲ್ಲೇ ಕೂತಿದ್ದೆ. ಫೋನಿನ ದನಿ ಇಡೀ ಅಂಗಳಕ್ಕೆ ಕೇಳುತ್ತಿತ್ತು.

"ಗುಗುಲಿ, ನನಗೆ ಎಪ್ಪತ್ತೈದು ತುಂಬ್ತಿದೆ ಕಣೇ. ಮಗಳು ಉಡುಗೊರೆ ಕೊಟ್ಟಿದಾಳೆ, ಬಟೂಮೀಲಿ ಮೂರು ದಿನ. ಹೊಟೇಲು ನೀನೇ ಆರಿಸು. ಇರೋದ್ರಲ್ಲೇ ದೊಡ್ಡದು."

"ಹೊಟೇಲಾ? ನನ್ನ ಮನೆಗೇನು ಬೆಂಕಿ ಬಿದ್ದಿದ್ಯಾ?"

"ನೀರಿಲ್ಲ ಅಂತ ಹೋದ ಸಲ ಫೋನಲ್ಲಿ ನೀನೇ ಹೇಳಿದ್ಯಲ್ಲೇ. ಅಂಗಳ ದಾಟಿ ಕಕ್ಕಸಿಗೆ ಹೋಗಕ್ಕೆ ನನ್ನ ಮಂಡಿ ಒಪ್ಪಲ್ಲ."

ಗುಗುಲಿ ಫೋನು ಕೆಳಗಿಟ್ಟಳು. ಎರಡು ದಿನ ಕಾಫಿಗೂ ಹೊರಗೆ ಬರಲಿಲ್ಲ. ನಮ್ಮಲ್ಲಿ ಅತಿಥಿಯೆಂದರೆ ದೇವರು ಕಳಿಸಿದವರು. ಬಂದವರನ್ನು ಹೊಟೇಲಿಗೆ ಅಟ್ಟುವುದೂ ಒಂದೇ, ಮುಖದ ಮೇಲೆ ಬಾಗಿಲು ಹಾಕುವುದೂ ಒಂದೇ. ಅವಳ ಹೊಸ್ತಿಲು ತುಳಿದ ಅತಿಥಿ ಬೇರೆ ಕಡೆ ಮಲಗಿದ್ದೇ ಇಲ್ಲ. ಈಗ ಮನೆಗೆ ಕೊನೆಯ ಬೇಸಿಗೆ, ಕೊನೆಯ ಅತಿಥಿ. ಆ ಅತಿಥಿಯೇ ಬೇರೆ ಕಡೆ ಹೋಗುವುದೆಂದರೆ?

ಮೂರನೇ ದಿನ ಕಪ್ಪು ಉಡುಪು ತೊಟ್ಟು, ಒಳ್ಳೆಯ ವಸ್ತ್ರ ತಲೆಗೆ ಕಟ್ಟಿ ನನ್ನ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಚೀಲ ಅಂಜೂರ.

"ಎದ್ದೇಳೇ ಹುಡುಗಿ. ಅವಳು ಮಲಗೋ ಹಾಸಿಗೇನ ಮೊದಲು ನಾನು ನೋಡ್ಬೇಕು."

"ಹಣ್ಣು ಯಾಕೆ ಚಿಕ್ಕಮ್ಮ?"

"ಪರರ ಮನೆಗೆ ಬರಿಗೈಲಿ ಹೋಗ್ತಾರಾ?"

ಮೊದಲ ಹೊಟೇಲಿನ ಕಾವಲುಗಾರ ಅವಳನ್ನೂ ನೋಡಿದ, ಚೀಲವನ್ನೂ ನೋಡಿದ, "ಹಿಂದಿನ ಬಾಗಿಲಿಗೆ ಹೋಗಿ" ಎಂದ. ಹೊಟೇಲಿನ ಪದ್ಧತಿ ಹೀಗಿರಬಹುದೆಂದು ನಾವು ಹೋದೆವು. ಅಲ್ಲಿ ಅಡುಗೆಯವನು ಚೀಲ ಇಸಿದುಕೊಂಡು ತಕ್ಕಡಿಯ ಮೇಲಿಟ್ಟ.

"ಕಿಲೋ ಎಷ್ಟಮ್ಮ?"

"ಮಾರಕ್ಕೆ ಬಂದಿಲ್ಲಪ್ಪ. ನಿಮ್ಮ ಹಾಸಿಗೆ ನೋಡಕ್ಕೆ ಬಂದೆ."

ಅವನು ಎಷ್ಟು ನಕ್ಕನೆಂದರೆ ಒಳಗಿನಿಂದ ಇನ್ನಿಬ್ಬರು ನೋಡಲು ಬಂದರು. ಗುಗುಲಿ ತಕ್ಕಡಿಯಿಂದ ಚೀಲ ಎತ್ತಿಕೊಂಡಳು. "ಬಾರೇ ಹೋಗೋಣ. ಬಾಗಿಲಿಗೆ ಬಂದೋರನ್ನ ಗುರುತಿಸಕ್ಕೆ ಬರಲ್ಲ, ಇವರೇನು ಹಾಸ್ತಾರೆ."

ಎರಡನೆಯದರಲ್ಲಿ ಕೋಟು ತೊಟ್ಟ ಯುವಕನೊಬ್ಬ ಮರ್ಯಾದೆಯಿಂದ ಹದಿನೆಂಟನೇ ಮಹಡಿಗೆ ಕರೆದೊಯ್ದ. ಗುಗುಲಿ ಹಾಸಿಗೆಯನ್ನು ಮುಷ್ಟಿಯಿಂದ ಒತ್ತಿದಳು, ದಿಂಬು ಮೂಸಿದಳು.

"ಇದರೊಳಗೇನಿದೆ ಮಗು?"

"ಸ್ಪ್ರಿಂಗು ಅಜ್ಜಿ. ಇಟಲಿಯದು."

"ನಾನು ಕುರಿ ಎಲ್ಲಿಯದು ಅಂತ ಕೇಳಿದ್ದು."

ಕಿಟಕಿ ತೆರೆಯಲು ಹೋದರೆ ಅದು ತೆರೆಯುವ ಕಿಟಕಿಯೇ ಅಲ್ಲ. ಕೆಳಗೆ ಸಮುದ್ರ ಬಾಯಿ ಆಡಿಸುತ್ತಿತ್ತು, ಸದ್ದಿಲ್ಲ. "ಕಾಣುತ್ತೆ, ಕೇಳಿಸಲ್ಲ" ಎಂದಳು ಗುಗುಲಿ. "ಕಿವುಡರ ಮನೆ." ಹೊರಡುವಾಗ ಯುವಕ ಕ್ಯಾಸಿನೊ ತೋರಿಸಿದ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಯಾವ ಹೊತ್ತೆಂದು ಹೇಳಲಾಗದು. ಅವಳು ನಾಲ್ಕೂ ಗೋಡೆ ನೋಡಿದಳು.

"ಗಡಿಯಾರನೇ ಇಲ್ವಲ್ಲ. ಊಟದ ಹೊತ್ತಾಯ್ತು ಅಂತ ಇವರಿಗೆ ಯಾರು ಹೇಳ್ತಾರೆ?"

"ಯಾರೂ ಹೇಳ್ಬಾರದು ಅಂತಾನೇ ಅಜ್ಜಿ ಇಟ್ಟಿಲ್ಲ."

ಗುಗುಲಿ ಅವನ ಕೆನ್ನೆ ತಟ್ಟಿ ಎರಡು ಅಂಜೂರ ಕೊಟ್ಟಳು. "ನೀನು ಒಳ್ಳೆ ಹುಡುಗ. ಬೇರೆ ಕೆಲಸ ನೋಡ್ಕೋ."

ಮೂರನೆಯ ಹೊಟೇಲು ನಮ್ಮ ಬೀದಿಗೆ ಬೆನ್ನು ಹಾಕಿ ನಿಂತದ್ದು. ಮೇಜಿನ ಹಿಂದೆ ನಿಂತಿದ್ದ ಹುಡುಗಿ ಕೇಡಾ ಗುಡ್ಡದ ಕಡೆಯವಳು. ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಒಂದು ಅಂಜೂರ ಬಿಡಿಸಿ ನಿಂತಲ್ಲೇ ತಿಂದಳು. "ನಮ್ಮಜ್ಜಿ ಮರದ್ದೂ ಹಿಂಗೇ ಇತ್ತು" ಎಂದಳು. ಗುಗುಲಿ ನನ್ನ ಪಕ್ಕೆಗೆ ತಿವಿದಳು: "ಇವಳನ್ನ ಬೆಳೆಸಿದೋರಿಗೆ ಬುದ್ಧಿ ಇದೆ."

ಆರನೇ ಮಹಡಿಯ ಕೋಣೆಯಲ್ಲಿ ಬಾಗಿಲು ತೆರೆದರೆ ಬಾಲ್ಕನಿ, ಅಲೆಯ ಸದ್ದು. ಎಡಕ್ಕೆ ಬಗ್ಗಿದರೆ ಕೆಳಗೆ ನಮ್ಮ ವಠಾರ: ದ್ರಾಕ್ಷಿಯ ಚಪ್ಪರ, ಅಂಜೂರದ ಮರ, ಹಗ್ಗದ ಮೇಲೆ ಲಮಾರಾಳ ಬಟ್ಟೆ. ಇಷ್ಟು ವರ್ಷ ಅದರೊಳಗಿದ್ದರೂ ಅದು ಅಷ್ಟು ಪುಟ್ಟದೆಂದು ನನಗೆ ಗೊತ್ತಿರಲಿಲ್ಲ. ಗುಗುಲಿ ಬಹಳ ಹೊತ್ತು ಬಗ್ಗಿಯೇ ನಿಂತಳು.

"ನೋಡೇ," ಎಂದಳು ಕೊನೆಗೆ, "ಲಮಾರಾ ಇವತ್ತೂ ದಿಂಬಿನ ಚೀಲ ತಿರುವಿ ಹಾಕಿಲ್ಲ."

ಆಮೇಲೆ ಹೊಟೇಲಿನ ಹಾಸಿಗೆಯ ಮೇಲಿದ್ದುದನ್ನೆಲ್ಲ ಕಿತ್ತು, ಕೊಡವಿ, ತನ್ನ ರೀತಿಯಲ್ಲಿ ಮತ್ತೆ ಹಾಸಿ ನೋಡಿದಳು. ಹುಡುಗಿ ತಡೆಯಲಿಲ್ಲ.

"ಒಂದು ಹಾಸಿಗೆ ಸಾಕಾ ಅಜ್ಜಿ, ಎರಡು ಬೇಕಾ?"

"ಒಂದು. ಅವಳ ಗಂಡ ಹೋಗಿ ನಾಲ್ಕು ವರ್ಷ ಆಯ್ತು. ಹೊದಿಕೆ ಮಾತ್ರ ನನ್ನ ಮನೇದು, ಉಣ್ಣೇದು."

ಹುಡುಗಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ತನ್ನಿ. ನಾನು ನೋಡಿಲ್ಲ."

ಜೋಯಾ ಬಂದದ್ದು ಹತ್ತೊಂಬತ್ತಕ್ಕೆ, ಮನೆ ಖಾಲಿ ಮಾಡುವ ಹಿಂದಿನ ದಿನ. ಗುಗುಲಿಯ ಸಾಮಾನೆಲ್ಲ ಅಷ್ಟರಲ್ಲಿ ಫ್ಲ್ಯಾಟಿಗೆ ಹೋಗಿತ್ತು. ಉಳಿದದ್ದು ಒಂದು ಮೇಜು, ಎರಡು ಕುರ್ಚಿ, ನಾಲ್ಕು ಪಾತ್ರೆ, ಎರಡು ಹೊದಿಕೆ. ಆದರೂ ಅವಳು ಹಳೆಯ ರಟ್ಟು ಹುಡುಕಿ ಹಿಡಿದುಕೊಂಡು ಸ್ಟೇಷನ್ನಿಗೆ ಹೋದಳು. ಅಲ್ಲಿ ಟ್ಯಾಕ್ಸಿಯವರ ನಡುವೆ ಅವಳೊಬ್ಬಳದೇ ರಟ್ಟು. ಜೋಯಾ ಇಳಿದಾಗ ಗುಗುಲಿ ಎಂದಿನಂತೆ ಮೊದಲು ಅವಳ ಕಾಲು ನೋಡಿದಳು. ಪಾದ ಊದಿತ್ತು, ದಪ್ಪ ಅಟ್ಟೆಯ, ವೈದ್ಯರು ಹೇಳಿ ಮಾಡಿಸಿದ ಬೂಟು. ಪೆಟ್ಟಿಗೆ ಕಿತ್ತುಕೊಂಡು ಮುಂದೆ ನಡೆದಳು. ಹದಿನೇಳು ಬೇಸಿಗೆಯೂ ಹಾಗೆಯೇ, ಪೆಟ್ಟಿಗೆಯೊಡನೆ ಗುಗುಲಿ ಮುಂದೆ, ಅತಿಥಿ ಹಿಂದೆ.

ಅಂಜೂರದ ಕೆಳಗೆ ಊಟ. ದೋಣಿಯಂಥ ಚೀಸಿನ ರೊಟ್ಟಿ, ನಡುವೆ ಒಡೆದ ಮೊಟ್ಟೆ. ಅಕ್ರೋಟು ಅರೆದು ತುಂಬಿದ ಬದನೆ. ಲ್ಯೋನ್ಯಾನ ಹೆಸರಿನಲ್ಲಿ ದ್ರಾಕ್ಷಾರಸ ಎತ್ತಿ ಎಲ್ಲರೂ ಎದ್ದುನಿಂತು ಕುಡಿದೆವು. ಲೋಟ ಇಟ್ಟ ಮೇಲೆ ಜೋಯಾ ಹೇಳಿದಳು:

"ಹೊಟೇಲಿಗೆ ಫೋನು ಮಾಡಿ ಎರಡು ಹಾಸಿಗೆ ಕೋಣೆ ಹೇಳಿದೀನಿ. ನೀನೂ ಬರ್ತಿದ್ದೀಯ."

"ನಾನಾ? ನನ್ನೂರಲ್ಲಿ ನಾನು ಅತಿಥೀನಾ? ಅತಿಥೀನ ಮನೇಲಿ ಇಟ್ಕೊಳಕ್ಕೆ ಆಗ್ಲಿಲ್ಲ ಅನ್ನೋದೇ ಸಾಲ್ದು, ನಾನೂ ಹೋಗಿ ಅತಿಥಿ ಹೆಗಲ ಮೇಲೆ ಕೂರ್ಲಾ?"

"ಹದಿನೇಳು ಬೇಸಿಗೆ ನೀನು ಕುರ್ಚಿ ಮೇಲೆ ಮಲಗಿದ್ದೀಯ ಗುಗುಲಿ."

ಗುಗುಲಿಯ ಮುಖ ಕೆಂಪಾಯಿತು. "ಯಾರು ಹೇಳಿದ್ದು? ಮೇಲೆ, ಲಮಾರಾ ಮನೇಲಿ..."

"ಎರಡನೇ ಬೇಸಿಗೇಲೇ ಲ್ಯೋನ್ಯಾ ನೋಡಿದ್ದ. ಬೆಳಗಿನ ಜಾವ ನೀರಿಗೆ ಅಂತ ಬಂದ್ರೆ ನಿನ್ನ ಒಂದು ಕಾಲು ಕುರ್ಚಿಯಿಂದ ಕೆಳಗೆ ಜೋತುಬಿದ್ದಿತ್ತಂತೆ. ಸದ್ದು ಮಾಡದೆ ವಾಪಸು ಬಂದ. ಆಮೇಲೆ ಹದಿನೈದು ಬೇಸಿಗೆ ನಾವು ಬಾಯಾರಿದ್ರೂ ಬೆಳಕು ಹರಿಯೋವರೆಗೂ ಅಡುಗೆಮನೆಗೆ ಕಾಲಿಡ್ಲಿಲ್ಲ. ನೀನು ನಾಚ್ಕೋತೀಯ ಅಂತ."

ಗುಗುಲಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು, ಮತ್ತೆ ಬಿಡಿಬಿಡಿಯಾಗಿ ಇಟ್ಟಳು.

ಮಹಡಿಯಿಂದ ಲಮಾರಾ ಕೂಗಿದಳು: "ಹೋಗೇ! ಈ ಜನ್ಮದಲ್ಲಿ ಒಂದು ಸಲ ಬೇರೆಯವರ ಅತಿಥಿಯಾಗಿ ಮಲ್ಕೋ. ತಂಗಿ ಹೇಳ್ತಿದೀನಿ, ಹೋಗು!"

ಗುಗುಲಿ ಮೇಲೆ ನೋಡಲಿಲ್ಲ. "ಹಾಸಿಗೆ ಹಾಸೋದು ನಾನೇ" ಎಂದಳು ಜೋಯಾಳಿಗೆ.

"ಹಾಸು."

"ಬೆಳಗ್ಗೆ ಕಾಫೀನೂ ನಾನೇ."

"ಅದಕ್ಕೆ ಅವರು ಬಿಡಲ್ಲ ಕಣೇ."

"ಬಿಡ್ತಾರೆ. ಆ ಹುಡುಗಿ ನನ್ನ ಅಂಜೂರ ತಿಂದಿದಾಳೆ."

ಹೊತ್ತು ತಂದ ನೀರಿನಲ್ಲಿ ತಟ್ಟೆ ತೊಳೆದು ಬೋರಲು ಹಾಕಿದಳು, ನಾಳೆ ಯಾರೋ ಊಟಕ್ಕೆ ಬರುವವರಿದ್ದಾರೆ ಎಂಬಂತೆ. ಅಡುಗೆಮನೆಗೆ ಹೋಗಿ ಕುರ್ಚಿಗಳೆರಡನ್ನೂ ಗೋಡೆಗೆ ಸರಿಸಿ ಬಂದಳು. ಬಾಗಿಲಿಗೆ ಬೀಗ ಹಾಕಿ ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟಳು; ಮರುದಿನ ಬರುವವರಿಗೆ ನಾನು ಕೊಡಬೇಕಿತ್ತು. ಪೆಟ್ಟಿಗೆಗೆ ಕೈ ಚಾಚಿದಳು. ಅಷ್ಟರಲ್ಲಿ ಜೋಯಾ ಅದನ್ನು ಎತ್ತಿಕೊಂಡು, ಊದಿದ ಕಾಲಿನಲ್ಲೇ ಗೇಟಿನತ್ತ ಹೊರಟಾಗಿತ್ತು.

ಗುಗುಲಿಗೆ ಉಳಿದದ್ದು ಎರಡು ಹೊದಿಕೆ. ಅವನ್ನು ತೋಳಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಚಪ್ಪಲಿ ಮೆಟ್ಟಿದಳು, ತನ್ನ ಕಾಲನ್ನೇ ನೋಡುತ್ತ ಒಂದು ಗಳಿಗೆ ನಿಂತಳು.

"ಏನಂತಾವೇ ಆ ಚಪ್ಪಲಿ?" ಎಂದಳು ಲಮಾರಾ.

"ಗೊರಕೆ ಹೊಡೀತಾಳಂತೆ," ಎಂದು ಗುಗುಲಿ ಜೋಯಾಳ ಹಿಂದೆ ನಡೆದಳು.