ಕಾರ್ಡಿನಲ್ಲಿ ಬಿಟ್ಟುಹೋದ ಒಂದು ಪದ

೧೯೯೮ರಲ್ಲಿ ನಾನು ಬಸವನ ಬಾಗೇವಾಡಿ ತಾಲೂಕಿನ ಒಂದು ದೊಡ್ಡ ಹಳ್ಳಿಯ ಶಾಖಾ ಗ್ರಂಥಾಲಯದಲ್ಲಿ ಗ್ರಂಥಪಾಲಕಿಯಾಗಿದ್ದೆ. ಮುದ್ದೇಬಿಹಾಳ ಕಡೆಯಿಂದ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಎರಡು ಕೋಣೆ, ಆರು ಕಪಾಟು, ಸಿಬ್ಬಂದಿ ಎಂದರೆ ನಾನೊಬ್ಬಳೇ. ಬೀಗ ತೆಗೆಯುವವಳೂ ಕಸ ಹೊಡೆಯುವವಳೂ ನಾನೇ. "ಬಾಯಾರ ಇಲ್ಲೇನ್ರಿ?" ಎಂದು ಯಾರಾದರೂ ಕೇಳಿದರೆ ಕಸಬರಿಗೆ ಕೆಳಗಿಟ್ಟು ಕುರ್ಚಿಯಲ್ಲಿ ಕೂತು "ಅದೀನಲ್ಲ" ಎನ್ನುವವಳೂ ನಾನೇ.

ಆರರಲ್ಲಿ ಒಂದು ಕಪಾಟು ಹರೆಯದವರ ಕಾದಂಬರಿಗಳದ್ದು. ತಂದೆಯದೊಂದು ಜಾತಿ, ತಾಯಿಯದೊಂದು ಜಾತಿಯಾಗಿ ಇಬ್ಬರು ಅಜ್ಜಿಯರ ಮನೆಯಲ್ಲೂ ಹೊರಗಿನವಳಾದ ಹುಡುಗಿಯ ಕಥೆ, ಪೈಲ್ವಾನರ ಮನೆತನದಲ್ಲಿ ಹುಟ್ಟಿ ಕಸೂತಿ ಹುಚ್ಚು ಹಿಡಿಸಿಕೊಂಡ ಹುಡುಗನ ಕಥೆ, ವಿಧವೆ ತಾಯಿಗೆ ತಾನೇ ವರ ಹುಡುಕಿದ ಮಗಳ ಕಥೆ, ಹೀಗೆ. ಮಧ್ಯಾಹ್ನ ಯಾರೂ ಇಲ್ಲದಾಗ ನಾನೂ ಅವನ್ನೇ ಓದುತ್ತಿದ್ದೆ. ನಲವತ್ತು ದಾಟಿದ ಹೆಂಗಸು ಇಂಥದ್ದು ಓದುವುದು ಕಾಣಬಾರದೆಂದು ಮೇಲೊಂದು ರಜಿಸ್ಟರ್ ತೆರೆದಿಟ್ಟುಕೊಳ್ಳುತ್ತಿದ್ದೆ.

ಅದನ್ನು ಕಂಡುಹಿಡಿದವಳು ಮಹಾನಂದಾ. ಮಸೂತಿ ಕಡೆಯ ಒಂದು ಸಣ್ಣ ಹಳ್ಳಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದಳು, ಪಿಯುಸಿ ಎರಡನೇ ವರ್ಷ. "ಅಕ್ಕೋರ, ರಜಿಸ್ಟರ್ ಓದಿ ಯಾರಾರ ಅಳ್ತಾರೇನ್ರಿ?" ಎಂದು ಕೇಳಿದಳು. ನಾನು ಕಣ್ಣೊರೆಸಿಕೊಂಡು ರಜಿಸ್ಟರ್ ಮುಚ್ಚಿದೆ. ಅಂದಿನಿಂದ ಆಕೆ ಪುಸ್ತಕ ಒಯ್ಯುವಾಗೊಮ್ಮೆ, ತರುವಾಗೊಮ್ಮೆ ನಮ್ಮಿಬ್ಬರ ಮಾತು ನಡೆಯುತ್ತಿತ್ತು. ಒಮ್ಮೆ ಒಂದು ಕಾದಂಬರಿ ಮರಳಿಸುತ್ತ, "ಈ ಹುಡುಗಿಗಿ ಸಿಟ್ಟ ಬರತೈತ್ರಿ. ನಮ್ಮ ಮನ್ಯಾಗ ಸಿಟ್ಟ ಬರೂದು ಅಪ್ಪಗ ಒಬ್ಬಗ" ಎಂದಳು. ಇಬ್ಬರೂ ನಕ್ಕೆವು. ಆ ನೌಕರಿಯಲ್ಲಿ ನನಗೆ ಸುಖವೆನಿಸಿದ್ದು ಇಂಥ ಗಳಿಗೆಗಳಲ್ಲಿ ಮಾತ್ರ.

ಆಗ ಪುಸ್ತಕ ಕೊಡುವ ರೀತಿ ಸರಳವಾಗಿತ್ತು. ಹದಿನೈದು ದಿನ ಅವಧಿ. ಅದು ಮೀರಿದರೆ ಓದುಗರ ವಿಳಾಸಕ್ಕೆ ರಿಮೈಂಡರ್ ಕಾರ್ಡ್, ಅಂದರೆ ನೆನಪೋಲೆ ಕಳಿಸಬೇಕು. ಮಾರ್ಚ್ ಕೊನೆಗೆ ಪುಸ್ತಕಗಳ ತಪಾಸಣೆ ಇರುವುದರಿಂದ ಅದಕ್ಕೆ ಮೊದಲೇ ಎಲ್ಲವೂ ಕಪಾಟಿಗೆ ಬರಬೇಕು. ಆ ವರ್ಷ ನಲವತ್ತೊಂದು ಕಾರ್ಡು ಬರೆಯುವುದಿತ್ತು. ಅಚ್ಚು ಹಾಕಿಸಿದ ಕಾರ್ಡು ಮೂವತ್ತಕ್ಕೇ ಮುಗಿದವು. ಉಳಿದ ಹನ್ನೊಂದನ್ನು ಸಾದಾ ಅಂಚೆ ಕಾರ್ಡಿನ ಮೇಲೆ ಕೈಯಿಂದ ಬರೆದೆ. ಬೆರಳು ನೋಯುತ್ತಿದ್ದವು. 'ತಾವು ಪಡೆದ ಪುಸ್ತಕ' ಎಂಬುದನ್ನೆಲ್ಲ ಬಿಟ್ಟು ಹೆಸರು, ಕಾದಂಬರಿಯ ಹೆಸರು, 'ಏಳು ದಿನದೊಳಗೆ ಬಂದು ಕಾಣುವುದು' ಎಂಬ ಸಾಲು, ಕೆಳಗೆ ನನ್ನ ಎರಡಕ್ಷರದ ಸಹಿ, ಇಷ್ಟೇ ಬರೆದೆ. ಗ್ರಂಥಾಲಯದ ಸೀಲು ಒತ್ತಿದ್ದೆ. ಮಸಿ ಒಣಗಿದ ಪ್ಯಾಡಿನಿಂದ ಅದು ಎಷ್ಟು ಮೂಡಿತೋ ನೋಡಲಿಲ್ಲ.

ಮಹಾನಂದಾಳ ಬಳಿ ಇದ್ದದ್ದು ದತ್ತು ಹೋದ ಹುಡುಗಿಯೊಬ್ಬಳು ಸಾಕಿದ ತಾಯಿಗೆ ತಿಳಿಸದೆ ಹೆತ್ತ ತಾಯಿಯನ್ನು ಹುಡುಕಿ ಹೋಗುವ ಕಥೆ. ಹೆಸರು 'ಹೇಳದೆ ಹೋಗುವೆ ಅವ್ವ'.

ಹತ್ತು ದಿನವಾದರೂ ಆಕೆ ಬರಲಿಲ್ಲ. ಆಕೆಯ ಊರಿನವಳೇ ಆದ ಗೆಳತಿ ರೆಹಾನಾ ಬಂದು, "ಅಕ್ಕೋರ, ಮಹಾನಂದಾನ ಕಾಲೇಜ ಬಿಡಿಸ್ಯಾರ್ರಿ. ಯಾವನೋ ಕಾರ್ಡ್ ಬರದಾನಂತ, ಓಡಿಸ್ಕೊಂಡ ಹೋಗಾಂವ ಇದ್ದನಂತ" ಎಂದಳು. ಮಹಾನಂದಾಳ ಅಪ್ಪನದು ಹಿಟ್ಟಿನ ಗಿರಣಿ. ಅಂಚೆಯವನು ಕಾರ್ಡು ತಂದಾಗ ಅವರ ಕೈಯೆಲ್ಲ ಹಿಟ್ಟಾಗಿತ್ತು. "ನೀನ ಓದಪಾ" ಎಂದರಂತೆ. ಜೋಳ ಬೀಸಿಸಲು ಪಾಳಿ ಹಚ್ಚಿ ನಿಂತ ಹದಿನೈದು-ಇಪ್ಪತ್ತು ಜನರ ನಡುವೆ ಅವನು ಗಟ್ಟಿಯಾಗಿ ಓದಿದ: "ಕುಮಾರಿ ಮಹಾನಂದಾ. ಹೇಳದೆ ಹೋಗುವೆ ಅವ್ವ. ಏಳು ದಿನದೊಳಗೆ ಬಂದು ಕಾಣುವುದು."

ಅದು ನನ್ನ ಕಾರ್ಡು. 'ಪುಸ್ತಕ' ಎಂಬ ಪದವಿಲ್ಲದೆ ಅದು ಯಾರೋ ಕರೆದ ಓಲೆಯಂತೆ ಕೇಳಿಸಿತ್ತು. ರೆಹಾನಾಗೆ ಹಾಗೆಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಆಕೆ ಆರಿಸಿದ ಪುಸ್ತಕಕ್ಕೆ ತಾರೀಖಿನ ಮುದ್ರೆ ಒತ್ತಿ ಕೊಟ್ಟದ್ದು ನೆನಪಿದೆ. ಬಹಳ ಹೊತ್ತು ಕೂತ ಕಾಲಿನಂತೆ ಒಳಗೆಲ್ಲ ಜೋಮು ಹಿಡಿದಿತ್ತು.

ಮರುದಿನ ರಜೆ ಹಾಕಿ, ರಜಿಸ್ಟರ್ ಚೀಲದಲ್ಲಿಟ್ಟುಕೊಂಡು ಅವರ ಊರಿಗೆ ಹೋದೆ. ಪರೀಕ್ಷೆಗೆ ಇನ್ನು ಮೂರು ವಾರವಿತ್ತು. ಮಹಾನಂದಾಳ ತಂದೆ ಶಿವಪ್ಪನವರು ಕೂಗಾಡುವ ಮನುಷ್ಯರಲ್ಲ. ಜಮಖಾನೆ ಹಾಸಿ ಕೂಡ್ರಿಸಿದರು, ಚಹಾ ತರಿಸಿದರು. ನಾನು ರಜಿಸ್ಟರ್ ತೆರೆದು ಸಾಲು ತೋರಿಸಿ, ಅವರು ತಂದಿಟ್ಟ ಕಾರ್ಡಿನ ಸಹಿಯ ಪಕ್ಕದಲ್ಲೇ ಇನ್ನೊಮ್ಮೆ ಸಹಿ ಮಾಡಿದೆ. ಅವರು ಎರಡನ್ನೂ ನೋಡಿದರು.

"ಖರೇ ಐತ್ರಿ ಬಾಯಾರ. ನಿಮ್ಮದ ಅಕ್ಷರ."

"ಹಂಗಾದ್ರ ಪರೀಕ್ಷಾಕ್ಕ ಕಳಸ್ರಿ. ತಪ್ಪು ನಂದ, ಆಕೀದಲ್ಲ."

"ನಾ ನಂಬತೇನ್ರಿ. ಆದ್ರ ಕಾರ್ಡ್ ಊರ ಮಂದಿಯೆಲ್ಲ ಕೇಳ್ಯಾರ. ನಿಮ್ಮ ರಜಿಸ್ಟರ್ ಯಾರ ಕೇಳ್ತಾರ? ಝಳಕಿ ಊರಾಗಿನ ನಮ್ಮ ತಂಗಿ ಮಗನ ಜೋಡಿ ಈಕೀದು ಎಲಿ-ಅಡಿಕಿ ಆಗೇತಿ. ಮುಂದಿನ ವಾರ ಲಗ್ನ."

ಪರೀಕ್ಷೆ ಮುಗಿಯುವವರೆಗೆ ಲಗ್ನ ಮುಂದೆ ಹಾಕಿರೆಂದು ಎರಡು ಸಲ ಕೇಳಿದೆ. ಎರಡು ಸಲವೂ ಅವರು ಆಗದೆಂದು ತಲೆಯಾಡಿಸಿ, ಚಹಾ ಆರುತ್ತದೆ ಎಂದರು.

ಒಳಗಿನಿಂದ ಮಹಾನಂದಾಳ ತಾಯಿ ಆ ಕಾದಂಬರಿಯನ್ನು ಸೆರಗಿನಲ್ಲಿ ಹಿಡಿದು ತಂದರು. ಅವರಿಗೆ ಓದು ಬಾರದು. ಮೆಲ್ಲಗೆ ಕೇಳಿದರು: "ಈ ಹುಡುಗಿ ಹೋಗತಾಳಂತಲ್ಲರಿ, ತಿರುಗಿ ಅವ್ವನ ಕಡೆ ಬರತಾಳೇನ್ರಿ?"

ನಾನು ಹೇಳಲು ಬಾಯಿ ತೆರೆದೆ. ಅಡುಗೆಮನೆಯ ಬಾಗಿಲ ಹಿಂದಿನಿಂದ ಮಹಾನಂದಾ ಆ ದಿನ ಆಡಿದ ಒಂದೇ ಮಾತು ಕೇಳಿತು: "ಹೇಳಬ್ಯಾಡ್ರಿ ಅಕ್ಕೋರ. ನಂದ ಇನ್ನೂ ಮುಗದಿಲ್ಲ."

ಶಿವಪ್ಪನವರು ಪುಸ್ತಕವನ್ನು ನನ್ನ ಮುಂದೆ ಸರಿಸಿದರು. "ತೊಗೊಂಡ ಹೋಗ್ರಿ" ಎಂದರು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ. ರಜಿಸ್ಟರಿನಲ್ಲಿ 'ಬಂದಿದೆ' ಎಂದು ಬರೆದು ತಾರೀಖು ಹಾಕಿದೆ. ಕೈ ತಾನಾಗಿಯೇ ಮಾಡಿತು, ವರ್ಷಗಟ್ಟಲೆ ಮಾಡಿದ ಕೆಲಸ. ಬಸ್ಸಿನಲ್ಲಿ ಪುಟ ತಿರುವಿದಾಗ ಒಂದು ಕಡೆ ಹೇರ್‌ಪಿನ್ ಸಿಕ್ಕಿಸಿದ್ದು ಕಂಡಿತು. ಅಲ್ಲಿಂದ ಮುಂದೆ ಮೂವತ್ತನಾಲ್ಕು ಪುಟ ಉಳಿದಿದ್ದವು.

ಲಗ್ನವಾಯಿತು, ಆಕೆ ಪರೀಕ್ಷೆಗೆ ಕೂಡಲಿಲ್ಲ. ತಪಾಸಣೆಯಲ್ಲಿ ನಮ್ಮ ಶಾಖೆಯ ಒಂದು ಪುಸ್ತಕವೂ ಕಡಿಮೆ ಬರಲಿಲ್ಲ, ಮೇಲಿನವರು ಭೇಷ್ ಎಂದರು. ಆಮೇಲೆ ಇಂಡಿ, ಸಿಂದಗಿ ಕಡೆಯೆಲ್ಲ ಕೆಲಸ ಮಾಡಿ ನಿವೃತ್ತಳಾಗುವವರೆಗೆ ಯಾವ ಕಾರ್ಡಿನ ಮೇಲೂ ಕಾದಂಬರಿಯ ಹೆಸರು ಬರೆಯಲಿಲ್ಲ, ನಂಬರಷ್ಟೇ ಬರೆದೆ. ನೌಕರಿ ಕಲಿಸಿದ್ದು ಇದೇ ಎಂದು ಬಹಳ ದಿನ ತಿಳಿದಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಕಾರ್ಡಿನದು ಅಜಾಗರೂಕತೆ, ಅದು ಯಾರಿಗಾದರೂ ಆಗುವಂಥದ್ದು. ಆದರೆ ನಮ್ಮ ನಿಯಮದಲ್ಲಿ ನವೀಕರಣ ಎಂಬ ಕಲಮು ಇತ್ತು. ಓದುಗರು ಬಯಸಿದರೆ ಅವಧಿಯನ್ನು ಇನ್ನೂ ಹದಿನೈದು ದಿನ ಬೆಳೆಸುವ ಅಧಿಕಾರ ನನಗೇ ಇತ್ತು, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮುಗಿದಿಲ್ಲ ಎಂದು ಆ ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿದ್ದು ಅದನ್ನೇ. ನಾನು ಪುಸ್ತಕ ತೆಗೆದುಕೊಂಡು ಬಂದೆ.