ಫಿಲೋಮಿನಾ ಆಂಟಿಯ ಬೆಸುಗೆ

ಫಿಲೋಮಿನಾ ಆಂಟಿ, ಕಂಪ್ಯೂಟರಿನ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡು ಕೈಗೆ ಸಿಕ್ಕರೆ, ಮೊದಲು ಅದನ್ನು ಮೂಸುತ್ತಿದ್ದರು. ರಸೆಲ್ ಮಾರುಕಟ್ಟೆಯಲ್ಲಿ ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುವ ಹಾಗೆ ಕಾರ್ಡಿನ ಫ್ಯಾನನ್ನು ಬೆರಳಿನಿಂದ ಒತ್ತಿ ಹಿಡಿದು, ಅದರ ಅಡಿಗೆ ಮೂಗು ತಂದು, ಕಣ್ಣು ಮುಚ್ಚಿ ಒಂದು ಉಸಿರು ಎಳೆಯುತ್ತಿದ್ದರು. ಆಮೇಲೆ ತೀರ್ಪು. "ಸತ್ತೋಗಿದೆ" ಎನ್ನುತ್ತಿದ್ದರು. ಇಲ್ಲವೇ, "ಕಾರ್ಡ್ ಚೆನ್ನಾಗೇ ಇದೆ, ಓನರ್ ಸರಿ ಇಲ್ಲ." ಆ ಓನರ್ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಿರುತ್ತಿದ್ದ. ಅದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಅವರ ಮನೆ ಇದ್ದದ್ದು ಕಾಕ್ಸ್ ಟೌನಿನಲ್ಲಿ, ಇಗರ್ಜಿಯ ಹಿಂದಿನ ಬೀದಿಯಲ್ಲಿ. ಎರಡೂ ಪಕ್ಕ ಫ್ಲ್ಯಾಟುಗಳು ಎದ್ದು ನಡುವೆ ಉಳಿದುಕೊಂಡಿದ್ದ ಹಂಚಿನ ಮನೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೆ.ಆರ್. ಪುರಂ ಕಡೆಯ ಒಂದು ಟೆಲಿಫೋನ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬೆಸುಗೆಯ ಸಾಲಿನಲ್ಲಿ ಕೂತು, ಸ್ವಯಂ ನಿವೃತ್ತಿ ತೆಗೆದುಕೊಂಡು ಬಂದವರು. ಎಸ್.ಪಿ. ರೋಡಿನಲ್ಲಿ ಕೆಟ್ಟ ಕಾರ್ಡುಗಳನ್ನು ತೂಕಕ್ಕೆ ಕೊಂಡು ತರುತ್ತಿದ್ದರು. ಉಬ್ಬಿ ಹೋದ ಕೆಪಾಸಿಟರುಗಳನ್ನು ಕಿತ್ತು ಹೊಸದನ್ನು ಬೆಸೆದು, ಫ್ಯಾನಿಗೆ ಎಣ್ಣೆ ಬಿಟ್ಟು, ನಮ್ಮಂಥವರಿಗೆ ಅರ್ಧ ಬೆಲೆಗೆ ಮಾರುತ್ತಿದ್ದರು. ಹೂವಿನ ನೈಟಿ, ಹೆಗಲ ಮೇಲೊಂದು ಟವಲ್ಲು, ಹಣೆಗೆ ರಬ್ಬರ್ ಪಟ್ಟಿಯಲ್ಲಿ ಕಟ್ಟಿಕೊಂಡ ಭೂತಗನ್ನಡಿ. ನಾನು ಅವರನ್ನು ಬೇರೆ ವೇಷದಲ್ಲಿ ಕಂಡದ್ದು ಭಾನುವಾರ ಬೆಳಿಗ್ಗೆ ಮಾತ್ರ.

ಕಾರ್ಖಾನೆಯ ಸಾಲಿನಲ್ಲಿ ಒಂದು ಪದ್ಧತಿ ಇತ್ತಂತೆ. ಯಾರ ಬೆಸುಗೆಯ ಬೋರ್ಡು ವಾಪಸ್ಸು ಬಂದರೂ ಆಕೆ ಬೆಸುಗೆ ಹಾಕುವ ಕಾಯ್ದ ಕಬ್ಬಿಣದ ಸ್ವಿಚ್ಚು ಆರಿಸಿ, ಸ್ಟೂಲಿನಿಂದ ಎದ್ದು ನಿಲ್ಲಬೇಕು. ವಯಸ್ಸಾದವಳಾದರೆ ಮತ್ತೆ ಆ ಸ್ಟೂಲಿಗೆ ಬರುವಂತಿಲ್ಲ, ಪ್ಯಾಕಿಂಗಿಗೆ ಹೋಗಬೇಕು. ಕೊನೆಯ ಆರು ವರ್ಷ ಬೆಸುಗೆಯ ಜೊತೆಗೆ ತಪಾಸಣೆಯೂ ಆಂಟಿಯದೇ ಆಗಿತ್ತು. "ಹನ್ನೊಂದು ಜನಾನ ಎಬ್ಬಿಸಿದ್ದೀನಿ ನಾನು. ಅಳೋರು, ಕೈ ಮುಗಿಯೋರು. ಕಣ್ಣು ಹೋದೋಳು ಕಣ್ಣು ಹೋದೋಳೇ ಕಣ್ರೀ. ಸೆಂಟಿಮೆಂಟ್ ಇಟ್ಕೊಂಡ್ರೆ ಫೋನ್ ರಿಂಗ್ ಆಗುತ್ತಾ?" ಎನ್ನುತ್ತಿದ್ದರು. ಅವರದೊಂದು ಬೋರ್ಡೂ ಇಪ್ಪತ್ತೆರಡು ವರ್ಷದಲ್ಲಿ ವಾಪಸ್ಸು ಬಂದಿರಲಿಲ್ಲ. ಇದನ್ನು ಹೊಸಬರಿಗೆ ಮೊದಲ ಐದು ನಿಮಿಷದಲ್ಲೇ ಹೇಳಿಬಿಡುತ್ತಿದ್ದರು.

ನಾನು ಆಗ ಇನ್ಶೂರೆನ್ಸ್ ಕಚೇರಿಯೊಂದರ ಕ್ಲೇಮು ವಿಭಾಗದಲ್ಲಿ ಗುಮಾಸ್ತ. ದಾವಣಗೆರೆಯಿಂದ ವರ್ಗವಾಗಿ ಬಂದು, ಆಂಟಿಯ ಮನೆಯಿಂದ ಎರಡು ಬೀದಿ ಆಚೆ ಒಂದು ಕೋಣೆ ಹಿಡಿದಿದ್ದೆ. ಎರಡು ಸಾವಿರದ ನಾಲ್ಕು ಐದರ ಮಾತು. ಮದುವೆಯಾಗಿರಲಿಲ್ಲ, ಕುಡಿಯುತ್ತಿರಲಿಲ್ಲ. ಇದ್ದ ಒಂದೇ ಚಟವೆಂದರೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವುದು. ಆದರೆ ನನ್ನ ಯಂತ್ರದಲ್ಲಿ ಕಾರು ನೇರ ರಸ್ತೆಯಲ್ಲಿ ಓಡಿ, ತಿರುವು ಬಂದ ಕೂಡಲೇ ತಡವರಿಸಿ ತಡವರಿಸಿ ಚಲಿಸುತ್ತಿತ್ತು. ಪರದೆ ಮುಂದಿನ ಚಿತ್ರ ಕೊಡುವಷ್ಟರಲ್ಲಿ ನಾನು ಗೋಡೆಗೆ ಹೊಡೆದಿರುತ್ತಿದ್ದೆ. ಕಚೇರಿಯ ಗೆಳೆಯ ರಮೇಶ, "ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹಾಕ್ಸು ಮಗಾ. ಫಿಲೋಮಿನಾ ಆಂಟಿ ಹತ್ರ ಹೋಗು. ಬೈತಾರೆ, ಬೈಸ್ಕೊ" ಎಂದ.

ನಾನು ಹೋದ ದಿನ ಇಂದಿರಾನಗರದ ಗಂಡ ಹೆಂಡತಿ ಇಬ್ಬರು ಕೂತಿದ್ದರು. ಪೆಟ್ಟಿಗೆ ಒಡೆದು ಎರಡು ದಿನವೂ ಆಗದ ಹೊಸ ಕಾರ್ಡು, ಪೆಟ್ಟಿಗೆಯ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ ಅದರ ಮೆಮೊರಿ ಎಷ್ಟೆಂದು ಬರೆದಿತ್ತು. ಆಟ ಮಾತ್ರ ಓಡುತ್ತಿಲ್ಲ ಎಂಬುದು ಅವರ ದೂರು. ಆಂಟಿ ಕಾರ್ಡನ್ನು ಮೂಸಲೂ ಇಲ್ಲ. ಉಗುರಿನಿಂದ ಅದರ ಮೇಲಿನ ಕಪ್ಪು ಮೆಮೊರಿ ಚಿಪ್‌ಗಳನ್ನು ಎಣಿಸಿದರು.

"ಒನ್, ಟೂ, ತ್ರೀ, ಫೋರ್. ನಾಲ್ಕೇ. ಎಂಟು ಇರ್ಬೇಕು. ಗೋಡೌನ್ ದೊಡ್ಡದು, ಬಾಗಿಲು ಚಿಕ್ಕದು. ಮಾಲು ಹೊರಗೆ ಬರೋದು ಹೆಂಗೆ? ಎಷ್ಟು ಕೊಟ್ರಿ?"

ಗಂಡ ಹೇಳಿದರು. ಆಂಟಿ ಹೆಂಡತಿಯ ಕಡೆ ತಿರುಗಿ, "ತರಕಾರಿಗೆ ಇವರನ್ನ ಕಳಿಸ್ಬೇಡಮ್ಮ" ಎಂದರು. ಆಕೆ ನಕ್ಕುಬಿಟ್ಟಳು. ಗಂಡನ ಮುಖ ನೋಡಲಾಗಲಿಲ್ಲ. ನಾನೂ ನಕ್ಕೆ, ಮುಂದಿನ ಸರದಿ ನನ್ನದೇ ಎಂಬುದನ್ನು ಮರೆತು.

"ನೀವು?"

"ಇನ್ಶೂರೆನ್ಸ್ ಆಫೀಸು, ಆಂಟಿ. ಕಾರ್ ರೇಸ್ ಸರಾಗವಾಗಿ ಓಡಬೇಕು. ಐದು ಸಾವಿರದೊಳಗೆ."

"ಮಾನಿಟರ್ ಎಷ್ಟಿಂಚು?"

"ಹದಿನೈದು."

"ಹದಿನೈದಿಂಚಿಗೆ ಇಷ್ಟು ಗೋಳಾ? ಹೋಗಿ, ನಿಮ್ಮ ಪವರ್ ಸಪ್ಲೈ ಬಿಚ್ಚಿ ತನ್ನಿ. ಅದನ್ನ ನೋಡ್ದೇ ನಾನು ಯಾರಿಗೂ ಕಾರ್ಡ್ ಕೊಡಲ್ಲ."

ಕಂಪ್ಯೂಟರಿಗೆ ಕರೆಂಟು ಹಂಚುವ ಆ ತಗಡಿನ ಡಬ್ಬವನ್ನು ಬಿಚ್ಚಿ, ಚೀಲದಲ್ಲಿ ಹಾಕಿಕೊಂಡು ಮತ್ತೆ ಹೋದೆ. ಆಂಟಿ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಎರಡು ಸಲ ಎತ್ತಿ ಇಳಿಸಿದರು. "ಇದೇನ್ರೀ, ಖಾಲಿ ಬಿಸ್ಕತ್ ಡಬ್ಬ? ಒಳಗೆ ತಾಮ್ರ ಇದ್ರೆ ತೂಕ ಬರುತ್ತೆ. ಇದರ ಮೇಲೆ ಒಳ್ಳೆ ಕಾರ್ಡ್ ಹಾಕಿದ್ರೆ ಎರಡು ವಾರ. ಆಮೇಲೆ ಬೂದಿ."

ನನ್ನ ಐದು ಸಾವಿರಕ್ಕೆ ಎರಡು ದಾರಿ ಇದ್ದವು. ಸಾಧಾರಣವಾದ ಒಂದು ಕಾರ್ಡು ಮತ್ತು ತೂಕದ ಒಂದು ಪವರ್ ಸಪ್ಲೈ, ಇಲ್ಲವೇ ಎಂಟು ಚಿಪ್‌ನ ಭರ್ಜರಿ ಕಾರ್ಡು ಮಾತ್ರ. ಮೊದಲನೆಯದನ್ನೇ ತೆಗೆದುಕೊಳ್ಳಬೇಕೆಂದು ಆಂಟಿ ಹಟ ಹಿಡಿದರು. ನನ್ನ ಕಣ್ಣು ಎಂಟು ಚಿಪ್‌ನ ಮೇಲೆ ನೆಟ್ಟಿತ್ತು. ಪವರ್ ಸಪ್ಲೈಯನ್ನು ನಾಳೆಯೇ ಬೇರೆ ಕಡೆ ಕೊಳ್ಳುತ್ತೇನೆ, ಅದು ಬಂದ ಮೇಲೆಯೇ ಕಾರ್ಡು ಸಿಕ್ಕಿಸುತ್ತೇನೆ ಎಂದೆ. ಆಂಟಿ ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಪ್ರಾಮಿಸ್?" ಎಂದರು. ನಾನು "ಪ್ರಾಮಿಸ್" ಎಂದೆ. ಅವತ್ತೇ ಸಂಜೆ ಕಾರ್ಡನ್ನು ಅದೇ ಬಿಸ್ಕತ್ ಡಬ್ಬಕ್ಕೆ ಸಿಕ್ಕಿಸಿದೆ.

ಹನ್ನೊಂದು ದಿನ ನಾನು ರಾಜ. ತಿರುವುಗಳಲ್ಲಿ ಕಾರು ನೀರಿನಂತೆ ಹರಿಯಿತು. ರಸ್ತೆ ಪಕ್ಕದ ಮರಗಳಿಗೆ ಎಲೆಗಳಿವೆ ಎಂಬುದೇ ನನಗೆ ಆಗ ತಿಳಿದದ್ದು. ಹನ್ನೆರಡನೆಯ ದಿನ ಕಚೇರಿಯಿಂದ ಬಂದು ಆನ್ ಮಾಡಿದೆ. ಟಪ್ಪೆಂದು ಒಂದು ಸದ್ದು, ಕಪ್ಪು ಪರದೆ, ಕೋಣೆ ತುಂಬ ಸುಟ್ಟ ವಾಸನೆ.

ಈಗ ನಾನು ಮಾಡಿದ್ದನ್ನು ಹೇಳಬೇಕು. ಹೊಸ ಕಾರ್ಡಿಗೆ ದುಡ್ಡಿರಲಿಲ್ಲ. ಆಂಟಿಯ ಮುಂದೆ ಮೂರ್ಖನಾಗಿ ಕೂರುವುದಕ್ಕೆ ಮನಸ್ಸಿರಲಿಲ್ಲ, ನಿಜ ಹೇಳಬೇಕೆಂದರೆ ಅದೇ ದೊಡ್ಡ ಕಾರಣ. ದಿನವೂ ಸುಳ್ಳು ಕ್ಲೇಮುಗಳನ್ನು ಓದುವ ಕೆಲಸ ನನ್ನದು. ಹೆಚ್ಚು ಮಾತಾಡುವವನು ಸಿಕ್ಕಿಬೀಳುತ್ತಾನೆ, ಕೈಯಲ್ಲಿ ಹಿಡಿದು ನೋಡುವಂಥ ಒಂದೇ ಒಂದು ಸಾಕ್ಷಿ ತಂದು ಸುಮ್ಮನೆ ಕೂರುವವನು ದಾಟಿಕೊಳ್ಳುತ್ತಾನೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ರಮೇಶನ ಕಂಪ್ಯೂಟರಿನಿಂದ ಅವನ ತೂಕದ ಪವರ್ ಸಪ್ಲೈ ಎರವಲು ತಂದೆ. ಅದನ್ನೂ ಸುಟ್ಟ ಕಾರ್ಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಶನಿವಾರ ಮಧ್ಯಾಹ್ನ ಆಂಟಿಯ ಮನೆಗೆ ಹೋದೆ.

ಆಂಟಿ ಮೊದಲು ಕೈ ಹಾಕಿದ್ದು ಪವರ್ ಸಪ್ಲೈಗೆ. ಎತ್ತಿದರು, ಇಳಿಸಿದರು. ಬಯ್ಯಲು ಸಿದ್ಧವಾಗಿದ್ದ ಬಾಯಿ ಹಾಗೇ ಮುಚ್ಚಿಕೊಂಡಿತು.

"ಇದೇ ಹಾಕಿದ್ರಾ?"

"ಹೌದು ಆಂಟಿ."

"ಮೊದಲನೇ ದಿನದಿಂದ?"

"ಹೂಂ."

ಭೂತಗನ್ನಡಿ ಇಳಿಸಿಕೊಂಡು ಕಾರ್ಡನ್ನು ನೋಡತೊಡಗಿದರು. ಕಪ್ಪಾಗಿದ್ದದ್ದು ಅವರು ಕೈಯಾರೆ ಬೆಸೆದಿದ್ದ ಜಾಗವೇ. ಬೆಸುಗೆ ಕೆಟ್ಟು ಅಲ್ಲಿ ಸುಟ್ಟಿತೋ, ಸುಟ್ಟಿದ್ದರಿಂದ ಬೆಸುಗೆ ಕೆಟ್ಟಿತೋ ಹೇಳುವಂತಿರಲಿಲ್ಲ. ಕಾರ್ಡನ್ನು ಕಿಟಕಿಯ ಬೆಳಕಿಗೆ ಒಯ್ದರು. ಮತ್ತೆ ಟೇಬಲ್ ಲ್ಯಾಂಪಿನ ಕೆಳಗೆ ತಂದರು. ಟವಲ್ಲಿನಿಂದ ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿದರು. ಹತ್ತು ನಿಮಿಷವಾದರೂ ಆಗಿರಬೇಕು. ಆ ಹತ್ತು ನಿಮಿಷದಲ್ಲಿ ಯಾವಾಗ ಬೇಕಾದರೂ ನಾನು ಬಾಯಿ ಬಿಡಬಹುದಿತ್ತು. ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತೆ.

"ಡಿಸೆಂಬರಿಂದ ಸ್ವಲ್ಪ ಮಂಜು ಮಂಜು ಅನ್ನಿಸ್ತಿತ್ತು" ಎಂದರು, ನನಗಲ್ಲ, ಕಾರ್ಡಿಗೆ. "ಲೈಟ್ ಸರಿ ಇಲ್ಲ ಅಂದ್ಕೊಂಡೆ." ಆಮೇಲೆ ಕೈ ಚಾಚಿ ಕಾಯ್ದ ಕಬ್ಬಿಣದ ಸ್ವಿಚ್ಚು ಆರಿಸಿದರು. ಸ್ಟೂಲಿನಿಂದ ಎದ್ದು ನಿಂತರು.

ಬೀರುವಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಇನ್ನೊಂದು ಕಾರ್ಡು ತಂದು ನನ್ನ ಕೈಗಿಟ್ಟರು. ನನ್ನದಕ್ಕಿಂತ ಒಳ್ಳೆಯದು. "ಇದು ಎರಡು ವರ್ಷದ ಹಿಂದೆ ಮಾಡಿದ್ದು. ಆಗ ಕೈ ಚೆನ್ನಾಗಿತ್ತು. ಧೈರ್ಯವಾಗಿ ಹಾಕ್ಕೊಳ್ಳಿ. ಸಾರಿ, ಇನ್ಶೂರೆನ್ಸ್." ಅವರ ಬಾಯಲ್ಲಿ 'ಸಾರಿ' ಎಂಬ ಪದವನ್ನು ನಾನು ಕೇಳಿದ್ದು ಅದೊಂದೇ ಸಲ. ನಾನು ಏನು ಮಾಡಿದೆ ಗೊತ್ತೇ? "ಪರವಾಗಿಲ್ಲ ಆಂಟಿ, ಆಗುತ್ತೆ" ಎಂದು ಅವರನ್ನು ಕ್ಷಮಿಸಿ ಬಂದೆ.

ಎರಡು ವಾರದ ಮೇಲೆ ರಮೇಶ ಸುದ್ದಿ ತಂದ. ಆಂಟಿ ಕೆಲಸ ನಿಲ್ಲಿಸಿದ್ದಾರೆ. ಯಾರು ಹೋದರೂ, "ಕಣ್ಣು ಹೋಗಿದೆ, ಒಬ್ಬರ ಕಾರ್ಡ್ ಸುಟ್ಟುಬಿಟ್ಟೆ" ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಾರೆ. ಯಾರ ಕಾರ್ಡೆಂದು ಮಾತ್ರ ಹೇಳುವುದಿಲ್ಲ. ಹನ್ನೊಂದು ಹೆಂಗಸರಿಗೆ ಇಲ್ಲದ ವಿನಾಯಿತಿ ತನಗೂ ಇಲ್ಲವೆಂದು ಅವರು ತೀರ್ಮಾನಿಸಿದ್ದರು. ನಾಲ್ಕು ದಿನ ಕಳೆದರೆ ಮತ್ತೆ ಶುರು ಮಾಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಸ್ ಸ್ಟಾಪಿಗೆ ಬೇರೆ ಬೀದಿಯಿಂದ ಹೋಗತೊಡಗಿದೆ. ಸಂಬಳ ಬಂದಾಗ ತೂಕದ ಪವರ್ ಸಪ್ಲೈಯನ್ನೇ ಕೊಂಡೆ. ಅವರು ಕೊಟ್ಟ ಕಾರ್ಡು ನಾಲ್ಕು ವರ್ಷ ಒಂದು ದಿನವೂ ತಡವರಿಸದೆ ಓಡಿತು. ಆಡುವುದನ್ನು ನಾನು ಬಿಡಲಿಲ್ಲ.

ಹುಬ್ಬಳ್ಳಿಗೆ ವರ್ಗವಾದಾಗ, ಊರು ಬಿಡುವ ಎರಡು ದಿನ ಮುಂಚೆ ಆಂಟಿಯ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಜೆರಾಕ್ಸ್ ಅಂಗಡಿ. ಬೆಸುಗೆಯ ಮೇಜಿದ್ದ ಜಾಗದಲ್ಲಿ ಬಾಡಿಗೆಯವನು ಯಾರದೋ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡುತ್ತಿದ್ದ. ಆಂಟಿ ಒಳಗೆ ಬೆತ್ತದ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಇಳಿದು ಹೋಗಿದ್ದರು. ಬೆರಳುಗಳು ಮಾತ್ರ ಒಂದು ಎಸಳನ್ನೂ ಗಾಯ ಮಾಡದೆ ಸಿಪ್ಪೆ ಬಿಡಿಸುತ್ತಿದ್ದವು. ನಾನು ನಿಂತುಕೊಂಡೇ ಹೇಳಿದೆ.

"ಆಂಟಿ, ಆ ಕಾರ್ಡು ನಿಮ್ಮ ಬೆಸುಗೆಯಿಂದ ಸುಟ್ಟಿದ್ದಲ್ಲ. ನಾನು ಪವರ್ ಸಪ್ಲೈ ಬದಲಾಯಿಸಿರಲೇ ಇಲ್ಲ. ಹಳೇದಕ್ಕೇ ಹಾಕಿದ್ದೆ. ನಿಮಗೆ ತೋರಿಸಿದ್ದು ರಮೇಶಂದು."

ಬೆರಳುಗಳು ನಿಂತವು. ಅವರು ನನ್ನನ್ನು ಬಯ್ಯಲಿ, ಬೀದಿಗೆ ಕೇಳುವ ಹಾಗೆ ಬಯ್ಯಲಿ ಎಂದು ನಾನು ಕಾದೆ. ಅವರು ನಕ್ಕರು.

"ಯಾರು ಹೇಳ್ಕೊಟ್ಟಿದ್ದು ಇದು? ರಮೇಶಾನಾ?"

"ಯಾರೂ ಇಲ್ಲ ಆಂಟಿ. ನಿಜವಾಗ್ಲೂ."

"ಲೈನಲ್ಲಿ ಯಾರಾದ್ರೂ ಎದ್ದು ಹೋಗೋ ದಿನ ನಾವೆಲ್ಲ ಸೇರ್ಕೊಂಡು ಇದನ್ನೇ ಹೇಳ್ತಿದ್ವಿ. ನಿನ್ ಕೈದಲ್ಲಮ್ಮ, ಕರೆಂಟ್‌ದು ತಪ್ಪು ಅಂತ. ಅವಳು ಅಳೋದು, ನಾವು ಕೇಕ್ ತಿನ್ಸೋದು. ನನಗೆ ಆ ಕೇಕ್ ಬೇಡ."

"ತಾಯಿಯಾಣೆ ಆಂಟಿ."

"ಅಯ್ಯೋ, ತಾಯಿ ಮೇಲೆ ಯಾಕ್ರೀ ಆಣೆ ಹಾಕ್ತೀರಿ? ಅವತ್ತು ಬೇರೆಯವ್ರಾಗಿದ್ರೆ ಬೀದೀಲಿ ನಿಂತು ಕೂಗಾಡ್ತಿದ್ರು. ನೀವು ಒಂದು ಮಾತು ಅನ್ಲಿಲ್ಲ. ಈಗ ಬಂದು ತಪ್ಪನ್ನೂ ನಿಮ್ಮ ಮೇಲೇ ಹಾಕ್ಕೊಳ್ತೀರಿ." ಅಂಗೈಯಿಂದ ತಡವಿ ಇನ್ನೊಂದು ಬೆಳ್ಳುಳ್ಳಿ ತೆಗೆದುಕೊಂಡರು. "ಸುಳ್ಳು ಹೇಳೋಕೆ ಬರಲ್ಲ ನಿಮಗೆ. ಹೋಗಿ, ಒಳ್ಳೇದಾಗ್ಲಿ."

ಮತ್ತೆ ಹೇಳಿದೆ. ಮೂರನೆಯ ಸಲವೂ ಹೇಳಿದೆ. ಮೂರನೆಯ ಸಲಕ್ಕೆ ಅವರಿಗೆ ನನ್ನ ಬಗ್ಗೆ ಕನಿಕರವೇ ಬಂದು, ಚಹಾ ಮಾಡಲಾ ಎಂದು ಕೇಳಿದರು. ಬೇಡವೆಂದು ಹೊರಟು ಬಂದೆ. ಮೆಟ್ಟಿಲ ಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ, ಬಂದವರು ಯಾರೆಂದು ಜೆರಾಕ್ಸಿನವನು ಒಳಗೆ ಕೇಳಿದ್ದೂ ಆಂಟಿ ಗಟ್ಟಿಯಾಗಿ ಉತ್ತರ ಕೊಟ್ಟಿದ್ದೂ ಕಿವಿಗೆ ಬಿತ್ತು.

"ತುಂಬಾ ಒಳ್ಳೇ ಮನುಷ್ಯ ಕಣಪ್ಪಾ. ನಾನು ಸುಟ್ಟಿದ್ದು ಇವರ ಕಾರ್ಡೇ."