ಅಪ್ಪ ಒಬ್ಬರೇ ಎಂದು ಪ್ರಮಾಣ ಮಾಡಿದ ದಿನ

ಸ್ನೇಹಿತರೇ, ಬೊಂಬಾಯಿ ಪಕ್ಕದ ಠಾಣೆ ಊರಿನ ನೋಟರಿಯೊಬ್ಬರು ಇವತ್ತು ನನ್ನ ತಲೆ ಕೆಡಿಸಿ ಕಳುಹಿಸಿದ್ದಾರೆ. ತೀರಿಹೋದ ಅಪ್ಪನ ಡೊಂಬಿವಲಿ ಫ್ಲ್ಯಾಟ್ ಅಮ್ಮನ ಹೆಸರಿಗೆ ಆಗಬೇಕು. ಫ್ಲ್ಯಾಟಿನ ಕಾಗದದಲ್ಲಿ ಅಪ್ಪ ಸಂಜೀವ ರಾಮಣ್ಣ ಹೆಗ್ಡೆ, ಮರಣಪತ್ರದಲ್ಲಿ ಸಂಜೀವ ಕೊರಗಪ್ಪ ಹೆಗ್ಡೆ. ಈ ಬೊಂಬಾಯಿ ಕಡೆ ಹೆಸರಿನ ನಡುವೆ ಬರುವುದು ತಂದೆಯ ಹೆಸರು.

"ಇನ್ ಕೇ ದೋ ಬಾಪ್ ಥೇ ಕ್ಯಾ?" ಇವರಿಗೆ ಇಬ್ಬರು ಅಪ್ಪಂದಿರಿದ್ದರಾ ಎಂದು ಕೇಳಿದರು ನೋಟರಿ.

ಅಮ್ಮನಿಗೆ ಸಿಟ್ಟು ಬಂತು. "ರಾಮಣ್ಣ ನಿನ್ನ ಅಪ್ಪನ ಸೋದರಮಾವ ಅಲ್ವಾ? ಬೊಂಬಾಯಿಗೆ ಕರಕೊಂಡು ಬಂದದ್ದು, ಸಾಕಿದ್ದು ಎಲ್ಲ ಅವರೇ. ಅವರ ಹೆಸರು ಹಾಕದೆ ಮತ್ತೆ ಯಾರದ್ದು ಹಾಕುದು ಮಾರಾಯ?"

ನಮ್ಮದು ಅಳಿಯಸಂತಾನ, ವಂಶ ನಡೆಯುವುದು ತಾಯಿಯ ಕಡೆಯಿಂದ, ಸೋದರಮಾವನೇ ಮನೆಯ ಯಜಮಾನ ಎಂದು ನನ್ನ ಹರುಕುಮುರುಕು ಹಿಂದಿಯಲ್ಲಿ ವಿವರಿಸಿದೆ. ಅರ್ಧ ಗಂಟೆಯ ನಂತರ, ಎರಡೂ ಹೆಸರಿನವರು ಒಬ್ಬರೇ ಎಂಬ ಅಫಿಡವಿಟ್ ಸಿದ್ಧವಾಯಿತು. ಅಮ್ಮ ಸಹಿ ಮಾಡಿದರು. ಮಗನೆಂದು ನಾನೂ ಮಾಡಿದೆ: ಸುಧಾಕರ ಶೆಟ್ಟಿ. ನಮ್ಮಲ್ಲಿ ಮಕ್ಕಳಿಗೆ ಬರುವುದು ತಾಯಿ ಕಡೆಯ ಹೆಸರು.

ನೋಟರಿ ಎತ್ತಿದ ಸೀಲನ್ನು ಕೆಳಗಿಟ್ಟರು. "ಬಾಪ್ ಹೆಗ್ಡೆ, ತೋ ಆಪ್ ಶೆಟ್ಟಿ ಕೈಸೇ?" ಅಪ್ಪ ಹೆಗ್ಡೆಯಾದರೆ ನೀವು ಶೆಟ್ಟಿ ಹೇಗೆ ಎಂದು.

ಅಂತೂ ಅಪ್ಪ ಒಬ್ಬರೇ ಎಂದು ನೋಟರಿ ಒಪ್ಪಿದ್ದಾಯಿತು. ನಾನು ಯಾರೆಂದು ಹೇಳಲು ಸೋಮವಾರ ಮತ್ತೆ ಹೋಗಬೇಕು.